‘ಹಾರ್ಮೋನ್ ಏರುಪೇರು’ ಅಂದರೆ ಯಾವ ಹಾರ್ಮೋನು?

ಪ್ರಶ್ನೆ: ನನಗೆ 33 ವರ್ಷ. ಐದು ವರ್ಷದ ಒಂದು ಮಗುವಿದೆ. ಒಂದೂವರೆ ವರ್ಷದಿಂದ ಮುಟ್ಟು ಸರಿಯಾಗಿ ಆಗುತ್ತಿಲ್ಲ. ಒಮ್ಮೆ 45 ದಿನಕ್ಕೆ, ಒಮ್ಮೆ 60 ದಿನಕ್ಕೆ, ಕಳೆದ ಸಲ 74 ದಿನಕ್ಕೆ ಆಯಿತು. ತೂಕ 7 ಕೆಜಿ ಏರಿ 72ಕ್ಕೆ ಬಂದಿದೆ. ತಲೆಕೂದಲು ಉದುರುತ್ತಿದೆ, ಗದ್ದದ ಮೇಲೆ ಮಾತ್ರ ಗಡುಸು ಕೂದಲು ಬರುತ್ತಿದೆ. ಸದಾ ಸುಸ್ತು. ನಾನೇ ಹೋಗಿ ‘ಫುಲ್ ಹಾರ್ಮೋನ್ ಪ್ಯಾಕೇಜ್’ ರಕ್ತಪರೀಕ್ಷೆ ಮಾಡಿಸಿದೆ. ಟಿಎಸ್‌ಎಚ್ 5.1, ಪ್ರೊಲ್ಯಾಕ್ಟಿನ್ 29, ಪ್ರೊಜೆಸ್ಟರಾನ್ 0.4 ಅಂತ ಬಂದಿದೆ. ಮೂರಕ್ಕೂ ದಪ್ಪ ಅಕ್ಷರದಲ್ಲಿ ಗುರುತು ಹಾಕಿದ್ದಾರೆ. ಸ್ಕ್ಯಾನಿನಲ್ಲಿ ‘ಪಾಲಿಸಿಸ್ಟಿಕ್ ಓವರಿ’ ಅಂತ ಬರೆದಿದ್ದಾರೆ. ಒಬ್ಬರು ಥೈರಾಯ್ಡ್ ಅನ್ನುತ್ತಾರೆ, ಇನ್ನೊಬ್ಬರು ಪಿಸಿಓಡಿ ಅನ್ನುತ್ತಾರೆ. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತಗೊಳ್ಳುತ್ತಿದ್ದೇನೆ. ಹಾರ್ಮೋನ್ ಸಮ ಮಾಡುವ ಪುಡಿ ಅಂತ ಜಾಹೀರಾತು ನೋಡಿದೆ, ಅದನ್ನು ಶುರು ಮಾಡಲಾ ಡಾಕ್ಟರೇ? ನನಗೆ ಆಗಿರುವುದಾದರೂ ಏನು? ಜೀವನಪೂರ್ತಿ ಮಾತ್ರೆ ನುಂಗಬೇಕಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮಗೆ ಬೇಕಾದ ಉತ್ತರದ ಮುಕ್ಕಾಲು ಪಾಲು ಅದರಲ್ಲೇ ಇದೆ. ‘45, 60, 74 ದಿನ’ ಅಂತ ಬರೆದಿದ್ದೀರಲ್ಲ, ಆ ಸಾಲು ನನಗೆ ಇಡೀ ಪ್ಯಾಕೇಜ್ ರಿಪೋರ್ಟಿಗಿಂತ ಹೆಚ್ಚು ಹೇಳಿತು.

ಮೊದಲು ಒಂದು ಮಾತು. ‘ಹಾರ್ಮೋನ್ ಏರುಪೇರು’ ಅನ್ನುವುದು ಕಾಯಿಲೆಯ ಹೆಸರಲ್ಲ. ಜ್ವರ ಅಂದ ಹಾಗೆ ಅದು. ಜ್ವರ ಬಂದರೆ ಯಾವುದರಿಂದ ಬಂತು ಅಂತ ಕೇಳುತ್ತೇವೆ, ಅಲ್ವಾ? ಇಲ್ಲೂ ಹಾಗೇ ಕೇಳಬೇಕು. ಯಾವ ಹಾರ್ಮೋನು, ಯಾವ ಗ್ರಂಥಿಯದ್ದು, ಜಾಸ್ತಿಯೋ ಕಡಿಮೆಯೋ, ಯಾಕೆ? ಇಷ್ಟಕ್ಕೆ ಉತ್ತರ ಸಿಗುವ ತನಕ ಯಾವ ಚಿಕಿತ್ಸೆಯೂ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ. ಇನ್ನೊಂದು, ಹೆಣ್ಣಿನ ದೇಹದಲ್ಲಿ ಹಾರ್ಮೋನುಗಳು ತಕ್ಕಡಿಯ ಹಾಗೆ ಸಮನಾಗಿ ನಿಲ್ಲುವುದೇ ಇಲ್ಲ. ಏರಿ ಇಳಿಯುವುದೇ ಅವುಗಳ ಆರೋಗ್ಯ. ಈಸ್ಟ್ರೊಜೆನ್ ಒಂದೇ ತಿಂಗಳಲ್ಲಿ ಹಲವು ಪಟ್ಟು ಏರಿ ಮತ್ತೆ ಇಳಿಯುತ್ತದೆ. ಪ್ರೊಜೆಸ್ಟರಾನ್ ತಿಂಗಳ ಮೊದಲರ್ಧದಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಇದ್ದು, ಅಂಡ ಬಿಡುಗಡೆಯಾದ ಮೇಲೆ ಮೇಲೇಳುತ್ತದೆ. ಅದಕ್ಕೇ ‘ಎಲ್ಲವನ್ನೂ ಸಮ ಮಾಡುವ’ ಪುಡಿ ಅಂದಾಗ ನನಗೆ ಬೇಸರವಾಗುತ್ತದೆ. ಸಮ ಮಾಡಬೇಕಾದ್ದೇ ಅಲ್ಲಿ ಇಲ್ಲ. ಅಂಥ ಪುಡಿಗಳಲ್ಲಿ ಏನು ಬೆರೆಸಿದ್ದಾರೆ ಅಂತ ಎಷ್ಟೋ ಸಲ ಹೊರಗಿನ ಚೀಟಿಯಿಂದ ಪೂರ್ತಿ ತಿಳಿಯುವುದೂ ಇಲ್ಲ. ಶುರು ಮಾಡಬೇಡಿ.

ಈಗ ನಿಮ್ಮ ರಿಪೋರ್ಟಿಗೆ ಬರೋಣ. ಪ್ರೊಜೆಸ್ಟರಾನ್ 0.4 ಅಂತ ನೋಡಿ ಗಾಬರಿಯಾಗಿದ್ದೀರಿ. ರಕ್ತ ಕೊಟ್ಟಿದ್ದು ಮುಟ್ಟಿನ ಎಷ್ಟನೇ ದಿನ? ರಿಪೋರ್ಟಿನಲ್ಲಿ ಅದು ಇಲ್ಲ, ಪ್ಯಾಕೇಜಿನವರು ಕೇಳಿರಲಿಕ್ಕೂ ಇಲ್ಲ. ಮುಟ್ಟಾದ ಐದನೇ ದಿನ ಕೊಟ್ಟಿದ್ದರೆ 0.4 ಅನ್ನುವುದು ಎಲ್ಲ ಹೆಂಗಸರಿಗೂ ಇರುವಂಥದ್ದೇ. ಈ ಪರೀಕ್ಷೆಗೆ ಅರ್ಥ ಬರುವುದು ಮುಂದಿನ ಮುಟ್ಟಿಗೆ ಸುಮಾರು ಏಳು ದಿನ ಮುಂಚೆ ರಕ್ತ ತೆಗೆದರೆ ಮಾತ್ರ. 28 ದಿನಕ್ಕೆ ಮುಟ್ಟಾಗುವವರಿಗೆ ಅದು 21ನೇ ದಿನ. ನಿಮಗೆ 45 ದಿನವೋ 74 ದಿನವೋ ಗೊತ್ತಿಲ್ಲದಿರುವಾಗ ಆ ಏಳು ದಿನವನ್ನು ಎಲ್ಲಿಂದ ಎಣಿಸುವುದು? ಆ ಸಂಖ್ಯೆಯನ್ನು ಬಿಟ್ಟುಬಿಡಿ.

ಪ್ರೊಲ್ಯಾಕ್ಟಿನ್ 29. ಎದೆಹಾಲು ಬರಿಸುವ ಹಾರ್ಮೋನು ಇದು, ಸಾಮಾನ್ಯವಾಗಿ 25ರ ಆಸುಪಾಸು ಮೇಲಿನ ಮಿತಿ. ಅಂದರೆ ಒಂಚೂರು ದಾಟಿದೆ, ಅಷ್ಟೇ. ಸೂಜಿಯ ಹೆದರಿಕೆ, ನಿದ್ದೆಯಿಂದ ಎದ್ದ ತಕ್ಷಣ ಓಡಿ ಬಂದಿದ್ದು, ಕೆಲವು ವಾಂತಿಯ ಮತ್ತು ಮಾನಸಿಕ ಕಾಯಿಲೆಯ ಮಾತ್ರೆಗಳು, ಥೈರಾಯ್ಡ್ ಕಡಿಮೆಯಾಗಿರುವುದು, ಇವೆಲ್ಲ ಅದನ್ನು ಏರಿಸುತ್ತವೆ. ಎದ್ದು ಎರಡು ಮೂರು ಗಂಟೆಯಾದ ಮೇಲೆ ಹೋಗಿ, ಸ್ವಲ್ಪ ಹೊತ್ತು ಸುಮ್ನೆ ಕೂತು, ಆಮೇಲೆ ರಕ್ತ ಕೊಟ್ಟು ಇನ್ನೊಮ್ಮೆ ನೋಡಿಸಿ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ ಬೆಳೆದು ಪ್ರೊಲ್ಯಾಕ್ಟಿನ್ ಏರಿದ್ದರೆ ಸಂಖ್ಯೆ ಸಾಧಾರಣವಾಗಿ ಇದಕ್ಕಿಂತ ಬಹಳ ಮೇಲಿರುತ್ತದೆ.

ಟಿಎಸ್‌ಎಚ್ 5.1ನ್ನು ಮಾತ್ರ ತಳ್ಳಿಹಾಕಬಾರದು. ಟಿಎಸ್‌ಎಚ್ ಅನ್ನುವುದು ಥೈರಾಯ್ಡ್ ಮಾಡುವ ಹಾರ್ಮೋನ್ ಅಲ್ಲ. ‘ಇನ್ನಷ್ಟು ಕೆಲಸ ಮಾಡು’ ಅಂತ ಪಿಟ್ಯುಟರಿ ಥೈರಾಯ್ಡಿಗೆ ಕೊಡುವ ಆಜ್ಞೆ. ಥೈರಾಯ್ಡ್ ಸೋಮಾರಿಯಾದಷ್ಟೂ ಆಜ್ಞೆಯ ದನಿ ಏರುತ್ತದೆ. ಹೆಚ್ಚಿನ ಲ್ಯಾಬುಗಳಲ್ಲಿ 0.4ರಿಂದ 4ರ ತನಕ ಸಹಜ. ನಿಮ್ಮದು ಗಡಿ ದಾಟಿದೆ, ದೂರ ಹೋಗಿಲ್ಲ. ಹೀಗೆ ಸ್ವಲ್ಪ ದಾಟಿದ್ದು ಎಷ್ಟೋ ಜನರಲ್ಲಿ ಎರಡು ಮೂರು ತಿಂಗಳಲ್ಲಿ ತಾನೇ ಇಳಿಯುತ್ತದೆ. ಹಾಗಾಗಿ ಆಗ ಇನ್ನೊಮ್ಮೆ ಮಾಡಿಸಬೇಕು. ಜೊತೆಗೆ ಥೈರಾಯ್ಡೇ ಮಾಡುವ ಹಾರ್ಮೋನಾದ ಫ್ರೀ ಟಿ4, ಮತ್ತು ದೇಹ ತನ್ನ ಥೈರಾಯ್ಡಿನ ಮೇಲೇ ತಿರುಗಿಬಿದ್ದಿದೆಯಾ ಅಂತ ಹೇಳುವ ಟಿಪಿಓ ಆಂಟಿಬಾಡಿಯನ್ನೂ ನೋಡಿಸಬೇಕು. ಇನ್ನೊಂದು ಮಗು ಬೇಕು ಅಂತಿದ್ದರೆ ಅಷ್ಟು ದಿನ ಕಾಯಬೇಡಿ, ಈಗಲೇ ವೈದ್ಯರಿಗೆ ಹೇಳಿ.

ಇಲ್ಲಿ ನಿಮ್ಮ ಬಯೋಟಿನ್ ಮಾತ್ರೆಯ ವಿಷಯ ಬರುತ್ತದೆ. ಅದನ್ನು ಬರೆದು ತಿಳಿಸಿದ್ದು ಒಳ್ಳೆಯದಾಯಿತು. ಹೆಚ್ಚಿನವರು ಹೇಳುವುದೇ ಇಲ್ಲ, ಕೂದಲಿನ ಮಾತ್ರೆ ತಾನೇ ಅಂದುಕೊಳ್ಳುತ್ತಾರೆ. ಕೆಲವು ಲ್ಯಾಬುಗಳ ಪರೀಕ್ಷಾ ವಿಧಾನದಲ್ಲೇ ಬಯೋಟಿನ್ ಬಳಕೆಯಾಗುತ್ತದೆ. ರಕ್ತದಲ್ಲಿ ಅದು ಜಾಸ್ತಿ ಇದ್ದರೆ ಯಂತ್ರ ಮೋಸಹೋಗುತ್ತದೆ. ಟಿಎಸ್‌ಎಚ್ ಇದ್ದಕ್ಕಿಂತ ಕಡಿಮೆ ತೋರಿಸುತ್ತದೆ, ಟಿ4 ಇದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಅಂದರೆ ನಿಮ್ಮ ನಿಜವಾದ ಟಿಎಸ್‌ಎಚ್ 5.1ಕ್ಕಿಂತ ಮೇಲಿರಲೂಬಹುದು. ಮುಂದಿನ ಸಲ ರಕ್ತ ಕೊಡುವ ಎರಡು ಮೂರು ದಿನ ಮುಂಚೆಯೇ ಆ ಮಾತ್ರೆ ನಿಲ್ಲಿಸಿ.

ಇಷ್ಟೆಲ್ಲ ಇದ್ದ ಪ್ಯಾಕೇಜಿನಲ್ಲಿ ನಿಮಗೆ ನಿಜಕ್ಕೂ ಬೇಕಾಗಿದ್ದ ಪರೀಕ್ಷೆ ನೀವು ಬರೆದ ಪಟ್ಟಿಯಲ್ಲಿ ನನಗೆ ಕಾಣಲಿಲ್ಲ. ಟೆಸ್ಟೊಸ್ಟಿರಾನ್ ಅನ್ನುವ ಗಂಡು ಹಾರ್ಮೋನು ಇಲ್ಲ, ಶುಗರ್ ಇಲ್ಲ.

ಯಾಕೆ ಬೇಕು ಅಂದರೆ, ನಿಮ್ಮ ದೇಹ ತೋರಿಸುತ್ತಿರುವ ಎರಡು ಗುರುತುಗಳು ಒಂದೇ ಕಡೆ ಬೆರಳು ಮಾಡುತ್ತಿವೆ. ಮುಟ್ಟು 35 ದಿನಕ್ಕಿಂತ ತಡವಾಗಿ ಬರುತ್ತಿದೆ. ಗದ್ದದ ಮೇಲೆ ಗಡುಸು ಕೂದಲು ಬರುತ್ತಿದೆ. ನಿಮಗೆ ಪಿಸಿಓಡಿ ಅಂತ ಹೇಳಿದ್ದಾರಲ್ಲ, ಅದನ್ನೇ ವೈದ್ಯರು ಈಗ ಪಿಸಿಓಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್) ಅನ್ನುವುದು. ಹಾಗೆ ಹೇಳಲು ಮೂರು ಅಂಶಗಳಲ್ಲಿ ಎರಡು ಇರಬೇಕು ಅನ್ನುವ ನಿಯಮ 2003ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ನಡೆದ ತಜ್ಞರ ಸಭೆಯಿಂದ ಬಂತು. ಒಂದು, ಅಂಡ ಬಿಡುಗಡೆ ಸರಿಯಾಗಿ ಆಗದೆ ಮುಟ್ಟು ತಡವಾಗುವುದು. ಎರಡು, ಗಂಡು ಹಾರ್ಮೋನು ಹೆಚ್ಚಿದ ಲಕ್ಷಣ, ಕಣ್ಣಿಗೆ ಕಂಡರೂ ಸರಿ, ರಕ್ತದಲ್ಲಿ ಸಿಕ್ಕರೂ ಸರಿ. ಮೂರು, ಸ್ಕ್ಯಾನಿನಲ್ಲಿ ಕಾಣುವ ಅಂಡಾಶಯದ ರೂಪ. ಮೊದಲಿನ ಎರಡೂ ನಿಮ್ಮಲ್ಲಿ ಇರುವ ಹಾಗಿದೆ. ಆಗ ಸ್ಕ್ಯಾನ್ ಇಲ್ಲದೆಯೂ ಪಿಸಿಓಎಸ್ ಅನ್ನಬಹುದು. ಆದರೆ ಹಾಗೆ ಹೆಸರಿಡುವ ಮುಂಚೆ ಅದೇ ವೇಷದಲ್ಲಿ ಬರುವ ಬೇರೆಯವನ್ನು ಹೊರಗಿಡಬೇಕು. ಥೈರಾಯ್ಡ್, ಪ್ರೊಲ್ಯಾಕ್ಟಿನ್, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಒಂದು ಹುಟ್ಟುದೋಷ, ಮತ್ತೆ ಎಲ್ಲಕ್ಕಿಂತ ಮೊದಲು ಗರ್ಭ. 74 ದಿನ ಮುಟ್ಟು ನಿಂತಿದ್ದಾಗ ಮನೆಯಲ್ಲೇ ಗರ್ಭ ಪರೀಕ್ಷೆ ಮಾಡಿಕೊಂಡಿದ್ದಿರಾ? ಮುಂದೆ ಹಾಗಾದರೆ ಮೊದಲ ಕೆಲಸ ಅದೇ ಆಗಲಿ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಹೆರುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 10ರಿಂದ 13 ಜನರಿಗೆ ಪಿಸಿಓಎಸ್ ಇದೆ. ಅವರಲ್ಲಿ ಬಹಳ ಜನರಿಗೆ ಅದು ಗೊತ್ತೇ ಇಲ್ಲ. ನೀವು ಒಬ್ಬರೇ ಅಲ್ಲ.

ಈ ಹೆಸರಿನ ಬಗ್ಗೆಯೂ ಹೇಳಬೇಕು. ‘ಸಿಸ್ಟ್’ ಅಂದ ಕೂಡಲೇ ಗಡ್ಡೆ ಅಂದುಕೊಂಡು ಆಪರೇಷನ್ ಬೇಕಾ ಅಂತ ಅಳುತ್ತಾ ಬಂದವರನ್ನು ನೋಡಿದ್ದೇನೆ. ಅವು ಗಡ್ಡೆಗಳಲ್ಲ. ಪ್ರತಿ ತಿಂಗಳು ಅಂಡಾಶಯದಲ್ಲಿ ಕೆಲವು ಪುಟ್ಟ ನೀರಿನ ಚೀಲಗಳು ಬೆಳೆಯಲು ಶುರು ಮಾಡುತ್ತವೆ. ಒಂದೊಂದರ ಒಳಗೂ ಒಂದು ಅಂಡ. ಫಾಲಿಕಲ್ ಅನ್ನುತ್ತೇವೆ. ಸಾಮಾನ್ಯವಾಗಿ ಅವುಗಳಲ್ಲಿ ಒಂದು ಮುಂದೆ ಬಂದು, 20 ಮಿಲಿಮೀಟರ್ ಆಸುಪಾಸು ಬೆಳೆದು, ಒಡೆದು, ಅಂಡವನ್ನು ಹೊರಗೆ ಬಿಡುತ್ತದೆ. ಪಿಸಿಓಎಸ್‌ನಲ್ಲಿ ಹಲವು ಚೀಲಗಳು 10 ಮಿಲಿಮೀಟರ್ ಮುಟ್ಟುವ ಮುಂಚೆಯೇ ನಿಂತುಬಿಡುತ್ತವೆ. ಅರ್ಧ ದಾರಿಯಲ್ಲಿ ನಿಂತ ಆ ಚೀಲಗಳೇ ಸ್ಕ್ಯಾನಿನಲ್ಲಿ ಕಪ್ಪು ಚುಕ್ಕೆಗಳ ಸಾಲಾಗಿ ಕಾಣುವುದು. ತೆಗೆದುಹಾಕಬೇಕಾದ್ದು ಏನೂ ಇಲ್ಲ. ಹದಿಹರೆಯದವರಲ್ಲಂತೂ ಇದು ಸಹಜವಾಗಿಯೇ ಕಾಣುತ್ತದೆ. ಅದಕ್ಕೇ ಮೊದಲ ಮುಟ್ಟಾಗಿ ಎಂಟು ವರ್ಷ ತುಂಬದ ಹುಡುಗಿಯರಲ್ಲಿ ಸ್ಕ್ಯಾನ್ ನೋಡಿ ಪಿಸಿಓಎಸ್ ಅನ್ನಬಾರದು ಅಂತ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಹದಿನಾರರ ಹುಡುಗಿಯ ಕೈಗೆ ‘ಪಿಸಿಓಡಿ’ ಅಂತ ಬರೆದ ಚೀಟಿ ಕೊಟ್ಟು, ಅವಳು ‘ನನಗೆ ಮಕ್ಕಳಾಗುವುದಿಲ್ಲ’ ಅಂತ ವರ್ಷಗಟ್ಟಲೆ ಕೊರಗುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಆ ಚೀಲಗಳು ಅರ್ಧದಲ್ಲೇ ನಿಂತಿದ್ದು ಯಾಕೆ? ಅನೇಕರಲ್ಲಿ ಇದಕ್ಕೆ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಹಾರ್ಮೋನಿನ ನಂಟು ಇರುತ್ತದೆ. ದೇಹದ ಜೀವಕೋಶಗಳು ಇನ್ಸುಲಿನ್ ಮಾತು ಸರಿಯಾಗಿ ಕೇಳುವುದಿಲ್ಲ. ಪ್ಯಾಂಕ್ರಿಯಾಸ್ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಸಕ್ಕರೆ ಹೇಗೋ ಹತೋಟಿಯಲ್ಲಿರುತ್ತದೆ, ಹಾಗಾಗಿ ಶುಗರ್ ಟೆಸ್ಟ್ ನಾರ್ಮಲ್ ಬರುತ್ತದೆ. ಆದರೆ ಅಂಡಾಶಯಕ್ಕೆ ಈ ಹೆಚ್ಚುವರಿ ಇನ್ಸುಲಿನ್ ಚೆನ್ನಾಗಿಯೇ ಕೇಳಿಸುತ್ತದೆ. ಅದು ಟೆಸ್ಟೊಸ್ಟಿರಾನನ್ನು ಜಾಸ್ತಿ ಮಾಡುತ್ತದೆ. ರಕ್ತದಲ್ಲಿ ಟೆಸ್ಟೊಸ್ಟಿರಾನನ್ನು ಕಟ್ಟಿಹಾಕುವ ಒಂದು ಪ್ರೊಟೀನ್ ಇದೆ, ಲಿವರ್ ಅದನ್ನು ಮಾಡುತ್ತದೆ. ಇನ್ಸುಲಿನ್ ಏರಿದಾಗ ಲಿವರ್ ಅದನ್ನು ಕಡಿಮೆ ಮಾಡುತ್ತದೆ. ಹೀಗೆ ಹುಟ್ಟುವುದೂ ಜಾಸ್ತಿ, ಬಿಡಾಡಿಯಾಗಿ ಓಡಾಡುವುದೂ ಜಾಸ್ತಿ. ಗದ್ದದಲ್ಲಿ ಕೂದಲು ಬರುವುದು, ನೆತ್ತಿಯಲ್ಲಿ ಕೂದಲು ತೆಳುವಾಗುವುದು, ಎರಡೂ ಅದರಿಂದಲೇ. ಒಂದೇ ಹಾರ್ಮೋನು ಮುಖದ ಕೂದಲಿನ ಬುಡವನ್ನು ದಪ್ಪ ಮಾಡುತ್ತದೆ, ನೆತ್ತಿಯದನ್ನು ಸಣ್ಣ ಮಾಡುತ್ತದೆ.

ಇದನ್ನು ಯಾವ ಯಂತ್ರವೂ ಇಲ್ಲದೆ ನೋಡುವ ಜಾಗ ಒಂದಿದೆ. ಕನ್ನಡಿಯ ಮುಂದೆ ನಿಂತು ಕೂದಲು ಎತ್ತಿ ಕತ್ತಿನ ಹಿಂಭಾಗ ಯಾರಿಗಾದರೂ ತೋರಿಸಿ. ಮಡಿಕೆಗಳಲ್ಲಿ ಚರ್ಮ ಕಪ್ಪಾಗಿ, ದಪ್ಪವಾಗಿ, ಮುಟ್ಟಿದರೆ ಮಖಮಲ್ ಬಟ್ಟೆಯ ಹಾಗೆ ಇದೆಯಾ? ಕಂಕುಳಲ್ಲಿ? ಒಬ್ಬ ಹುಡುಗಿ ನನ್ನ ಬಳಿ ಬಂದಾಗ ಅವಳ ಕತ್ತಿನ ಹಿಂದೆ ಚರ್ಮ ಕೆಂಪಾಗಿ ಅಲ್ಲಲ್ಲಿ ಸುಲಿದಿತ್ತು. ಕೇಳಿದರೆ, ಕೊಳೆ ಹೋಗುತ್ತಿಲ್ಲ ಅಂತ ದಿನಾ ಒರಟು ಸ್ಪಾಂಜ್ ಹಾಕಿ ಉಜ್ಜುತ್ತಿದ್ದಳಂತೆ. ಸ್ನಾನ ಸರಿಯಾಗಿ ಮಾಡಲ್ಲ ಅಂತ ಬೈಸಿಕೊಂಡೂ ಇದ್ದಳು. ಅದು ಕೊಳೆ ಅಲ್ಲ ಮಗಳೇ, ಒಳಗೆ ಇನ್ಸುಲಿನ್ ಜಾಸ್ತಿಯಾಗಿದೆ ಅಂತ ಚರ್ಮ ಹೇಳುತ್ತಿದೆ ಅಂದೆ. ಅವಳು ಅತ್ತಳು. ನಿಮಗೂ ಅಂಥ ಗುರುತು ಇದ್ದರೆ ಉಜ್ಜಬೇಡಿ, ವೈದ್ಯರಿಗೆ ತೋರಿಸಿ.

ಹಾಗಾದರೆ ಈಗ ಏನು ಮಾಡಬೇಕು? ಸ್ತ್ರೀರೋಗ ತಜ್ಞರನ್ನೋ ಹಾರ್ಮೋನು ತಜ್ಞರಾದ ಎಂಡೋಕ್ರೈನಾಲಜಿಸ್ಟ್‌ರನ್ನೋ ಕಾಣಿ. ಟೆಸ್ಟೊಸ್ಟಿರಾನ್, ಟಿಎಸ್‌ಎಚ್ ಜೊತೆ ಟಿ4, ಪ್ರೊಲ್ಯಾಕ್ಟಿನ್, 17-ಹೈಡ್ರಾಕ್ಸಿ ಪ್ರೊಜೆಸ್ಟರಾನ್ (ಆ ಅಡ್ರಿನಲ್ ಹುಟ್ಟುದೋಷ ಇದೆಯಾ ಅಂತ ನೋಡಲು), ಕೊಲೆಸ್ಟ್ರಾಲ್, ಬಿಪಿ. ಶುಗರಿಗೆ ಸಾಧ್ಯವಾದರೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ನೋಡುವ ಪರೀಕ್ಷೆ. ಬರೀ ಖಾಲಿ ಹೊಟ್ಟೆಯ ಶುಗರ್ ಪಿಸಿಓಎಸ್ ಇರುವವರಲ್ಲಿ ಎಷ್ಟೋ ಸಲ ವಿಷಯ ಬಿಟ್ಟುಕೊಡುವುದಿಲ್ಲ. ಸುಸ್ತು ಅಂದಿದ್ದೀರಿ, ಹಾಗಾಗಿ ಹಿಮೋಗ್ಲೋಬಿನ್ ಮತ್ತು ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಕೂಡ. ಎಲ್ಲ ಸುಸ್ತಿಗೂ ಹಾರ್ಮೋನು ಕಾರಣವಲ್ಲ. ಕಬ್ಬಿಣಾಂಶ ಕಡಿಮೆಯಾದರೂ ಕೂದಲು ಉದುರುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತೀರಾ ಅಂತ ಮನೆಯವರನ್ನು ಕೇಳಿ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಪಿಸಿಓಎಸ್ ಇರುವವರಲ್ಲಿ ಹೆಚ್ಚು, ಅದೂ ಹಗಲೆಲ್ಲ ಸುಸ್ತು ಮಾಡುತ್ತದೆ. ಮನಸ್ಸು ಸದಾ ಮಂಕಾಗಿದ್ದರೆ ಅದನ್ನೂ ನಾಚಿಕೆಪಡದೆ ಹೇಳಿ. ಖಿನ್ನತೆ ಮತ್ತು ಆತಂಕ ಪಿಸಿಓಎಸ್‌ನ ಜೊತೆಗೇ ಬರುವುದು ಸಾಮಾನ್ಯ, ಅವಕ್ಕೂ ಚಿಕಿತ್ಸೆ ಇದೆ.

ವೈದ್ಯರ ಹತ್ತಿರ ಹೋಗುವಾಗ ಒಂದು ಕಾಗದ ಒಯ್ಯಿರಿ. ಅದರಲ್ಲಿ ಕಳೆದ ಆರು ಮುಟ್ಟುಗಳು ಶುರುವಾದ ತಾರೀಖು, ಎಷ್ಟು ದಿನ ಹೋಯಿತು, ದಿನಕ್ಕೆ ಎಷ್ಟು ಪ್ಯಾಡ್, ಇಷ್ಟು ಬರೆದಿರಲಿ. ಇದರ ಬೆಲೆ ಎಷ್ಟು ಅಂತ ಒಂದು ಉದಾಹರಣೆ ಕೊಡುತ್ತೇನೆ. ಮುಟ್ಟು ಏರುಪೇರಾಗಿದೆ ಅಂತ ಒಬ್ಬಾಕೆ ಕ್ಯಾಲೆಂಡರಿನ ಹಾಳೆಗಳನ್ನೇ ಹರಿದು ತಂದಿದ್ದರು. ಮಾರ್ಚ್ 12ಕ್ಕೆ ಕೆಂಪು ಸುತ್ತು, ಏಪ್ರಿಲ್ 9ಕ್ಕೆ, ಮೇ 7ಕ್ಕೆ, ಜೂನ್ 4ಕ್ಕೆ. ‘ನೋಡಿ ಮೇಡಂ, ಪ್ರತಿ ತಿಂಗಳೂ ಹಿಂದೆ ಹಿಂದೆ ಬರ್ತಿದೆ’ ಅಂದರು. ಇಬ್ಬರೂ ಕೂತು ಬೆರಳಿಟ್ಟು ಎಣಿಸಿದೆವು. 28, 28, 28. ಗಡಿಯಾರದ ಹಾಗೆ ನಡೆಯುತ್ತಿತ್ತು ಅವರ ಮುಟ್ಟು. ತಿಂಗಳಿಗೆ 30, 31 ದಿನ, ಅವರ ಚಕ್ರಕ್ಕೆ 28, ಅದಕ್ಕೇ ತಾರೀಖು ಹಿಂದೆ ಸರಿಯುವುದು. ಆರು ತಿಂಗಳಿಂದ ಅವರು ಇದಕ್ಕೆ ಮಾತ್ರೆ ನುಂಗುತ್ತಿದ್ದರು! ತಾರೀಖಿನಿಂದ ತಾರೀಖಿಗಲ್ಲ, ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನಕ್ಕೆ ಎಣಿಸಬೇಕು. ದೊಡ್ಡವರಲ್ಲಿ 21ರಿಂದ 35 ದಿನದೊಳಗೆ ಬಂದರೆ ಸರಿ. ಒಂದು ತಿಂಗಳಿಗೂ ಇನ್ನೊಂದಕ್ಕೂ ನಾಲ್ಕೈದು ದಿನ ವ್ಯತ್ಯಾಸ ಇದ್ದರೂ ಸರಿ. ಹೊಸದಾಗಿ ಮುಟ್ಟಾಗಲು ಶುರುವಾದ ಹುಡುಗಿಯರಿಗೆ ಮೊದಲ ಎರಡು ಮೂರು ವರ್ಷ 45 ದಿನದ ತನಕವೂ ಹೋಗಬಹುದು.

ನಿಮ್ಮ 74 ದಿನದ ವಿಷಯಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ಅಲ್ಲಿ ಒಂದು ಅಪಾಯ ಇದೆ. ಈಸ್ಟ್ರೊಜೆನ್ ಗರ್ಭಕೋಶದ ಒಳಪದರವನ್ನು ಬೆಳೆಸುತ್ತದೆ. ಅಂಡ ಬಿಡುಗಡೆಯಾದ ಮೇಲೆ ಬರುವ ಪ್ರೊಜೆಸ್ಟರಾನ್ ಆ ಬೆಳೆಗೆ ಕಡಿವಾಣ ಹಾಕಿ, ಹದ ಮಾಡಿ, ಕಡೆಗೆ ಒಟ್ಟಿಗೆ ಕಳಚಿ ಬೀಳುವಂತೆ ಮಾಡುತ್ತದೆ. ಅದೇ ಮುಟ್ಟು. ಅಂಡ ಬಿಡುಗಡೆಯಾಗದಿದ್ದರೆ ಪ್ರೊಜೆಸ್ಟರಾನೂ ಬರುವುದಿಲ್ಲ. ಪದರ ತಿಂಗಳುಗಟ್ಟಲೆ ಬೆಳೆಯುತ್ತಲೇ ಹೋಗುತ್ತದೆ. ಕೊಯ್ಲು ಮಾಡದೆ ಬಿಟ್ಟ ಪೈರು ಅಲ್ಲಲ್ಲಿ ಒರಗಿ ಬೀಳುವ ಹಾಗೆ ಅಲ್ಲಲ್ಲಿ ಕಿತ್ತು ಬಂದು, ಬ್ಲೀಡಿಂಗ್ ಶುರುವಾದರೆ ನಿಲ್ಲುವುದೇ ಇಲ್ಲ. ಹಲವು ವರ್ಷ ಹೀಗೇ ಹೋದರೆ ಆ ಪದರದಲ್ಲಿ ಕ್ಯಾನ್ಸರ್ ಬರುವ ಸಾಧ್ಯತೆಯೂ ಏರುತ್ತದೆ. ನಿಮ್ಮ ವಯಸ್ಸಿಗೆ ಆ ಅಪಾಯ ಸಣ್ಣದು, ಹೆದರಿಸಲು ಹೇಳುತ್ತಿಲ್ಲ. ಆದರೆ ಮುಟ್ಟು ಬರದೆ 90 ದಿನ ದಾಟಲು ಬಿಡಬೇಡಿ. ಮುಟ್ಟು ಬರದಿದ್ದರೆ ತೊಂದರೆಯೇ ಇಲ್ಲ, ಆರಾಮ ಅನ್ನುವವರಿಗೆ ನಾನು ಇದನ್ನೇ ಹೇಳುವುದು. ಮಗು ಬೇಡದಿರುವಾಗಲೂ ಈ ಪದರವನ್ನು ಕಾಪಾಡಬೇಕು. ಮೂರು ತಿಂಗಳಿಗೊಮ್ಮೆ ಕೆಲವು ದಿನ ಪ್ರೊಜೆಸ್ಟರಾನ್ ಜಾತಿಯ ಮಾತ್ರೆ ಕೊಟ್ಟು ಮುಟ್ಟು ತರಿಸುವುದು ಒಂದು ದಾರಿ. ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟಿನ್ ಎರಡೂ ಇರುವ ಗರ್ಭನಿರೋಧಕ ಮಾತ್ರೆ ಇನ್ನೊಂದು ದಾರಿ. ಈ ಎರಡನೆಯದು ಗದ್ದದ ಕೂದಲಿಗೂ ಮೊಡವೆಗೂ ಕೆಲಸ ಮಾಡುತ್ತದೆ. ಆದರೆ ಕಣ್ಣಿಗೆ ಮಿಂಚು ಹೊಡೆದು ಬರುವ ಮೈಗ್ರೇನ್, ರಕ್ತ ಹೆಪ್ಪುಗಟ್ಟಿದ ಇತಿಹಾಸ, ಹತೋಟಿಯಲ್ಲಿಲ್ಲದ ಬಿಪಿ, 35 ದಾಟಿ ಸಿಗರೇಟು ಸೇದುವುದು, ಇವುಗಳಲ್ಲಿ ಒಂದಿದ್ದರೂ ಅದು ಬೇಡ. ಅದಕ್ಕೇ ಗೆಳತಿಗೆ ಬರೆದುಕೊಟ್ಟ ಮಾತ್ರೆಯನ್ನು ನೀವು ತಗೊಳ್ಳಬಾರದು.

ಒಂದು ತಪ್ಪು ತಿಳುವಳಿಕೆ ಇದೆ. ಮುಟ್ಟು ಸರಿ ಇಲ್ಲ, ಹಾಗಾಗಿ ಗರ್ಭ ನಿಲ್ಲುವುದಿಲ್ಲ ಅಂತ. ಯಾವ ತಿಂಗಳು ಅಂಡ ಬಿಡುಗಡೆಯಾಗುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ, ಅಷ್ಟೇ. ಮಗು ಬೇಡ ಅಂದರೆ ಗರ್ಭನಿರೋಧಕ ಬೇಕೇ ಬೇಕು. ಮಗು ಬೇಕು ಅಂದರೆ, ಅಂಡ ಬಿಡುಗಡೆ ಮಾಡಿಸಲು ಲೆಟ್ರೊಜೋಲ್ ಅನ್ನುವ ಮಾತ್ರೆ ಇದೆ, ಪಿಸಿಓಎಸ್ ಇರುವವರಿಗೆ ಈಗ ಮೊದಲ ಆಯ್ಕೆ ಅದೇ. ಬಹಳ ಜನರಿಗೆ ಮಗುವಾಗುತ್ತದೆ.

ತೂಕದ ವಿಷಯ ಎತ್ತಲು ನನಗೆ ಸ್ವಲ್ಪ ಹಿಂಜರಿಕೆ. ದಪ್ಪ ಇದ್ದೀರಿ, ಇಳಿಸಿ ಅಂತ ಎಲ್ಲರೂ ಹೇಳಿ ಹೇಳಿ ನಿಮಗೆ ಸಾಕಾಗಿರುತ್ತದೆ. ಇನ್ಸುಲಿನ್ ಏರಿದ ದೇಹಕ್ಕೆ ತೂಕ ಇಳಿಸುವುದು ಕಷ್ಟ, ಅದು ನಿಮ್ಮ ಸೋಮಾರಿತನ ಅಲ್ಲ. ಆದರೂ ಇದು ಕೇಳಿ: ಇರುವ ತೂಕದಲ್ಲಿ ನೂರಕ್ಕೆ 5ರಿಂದ 10 ಭಾಗ ಇಳಿದರೂ ಅನೇಕರಲ್ಲಿ ಅಂಡ ಬಿಡುಗಡೆ ತಾನಾಗೇ ಶುರುವಾಗುತ್ತದೆ. ನಿಮ್ಮ 72 ಕೆಜಿಗೆ ಲೆಕ್ಕ ಹಾಕಿದರೆ ಮೂರೂವರೆಯಿಂದ ಏಳು ಕೆಜಿ. ಕಾಲೇಜಿನ ದಿನಗಳ ತೂಕಕ್ಕೆ ಹೋಗಬೇಕಾಗಿಲ್ಲ. ವಾರಕ್ಕೆ 150 ನಿಮಿಷ ಬಿರುಸಾದ ನಡಿಗೆ, ಜೊತೆಗೆ ವಾರದಲ್ಲಿ ಎರಡು ದಿನ ಸ್ನಾಯುಗಳಿಗೆ ಕೆಲಸ ಕೊಡುವ ವ್ಯಾಯಾಮ. ಈ ಎರಡನೆಯದನ್ನು ಹೆಂಗಸರು ಬಿಟ್ಟುಬಿಡುತ್ತಾರೆ. ಸ್ನಾಯು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುವ ದೊಡ್ಡ ಜಾಗ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದರಿಂದ ಶುರು ಮಾಡಿ, ಸಾಕು. ತೂಕದ ಮುಳ್ಳು ಅಲುಗದಿದ್ದರೂ ವ್ಯಾಯಾಮದಿಂದ ಇನ್ಸುಲಿನ್ ಕೆಲಸ ಸುಧಾರಿಸುತ್ತದೆ. ಊಟದಲ್ಲಿ ಇದೇ ಬೇಕು, ಅದು ಬೇಡ ಅನ್ನುವ ವಿಶೇಷ ‘ಹಾರ್ಮೋನ್ ಡಯಟ್’ ಯಾವುದೂ ಇಲ್ಲ. ಸಿಹಿ ಪಾನೀಯ ಕಡಿಮೆ, ಪ್ರತಿ ಊಟದಲ್ಲಿ ಪ್ರೊಟೀನ್ ಮತ್ತು ನಾರಿನಂಶ, ನೀವು ವರ್ಷಗಟ್ಟಲೆ ಮುಂದುವರಿಸಬಹುದಾದ ಕ್ರಮ. ಊಟ ಬಿಟ್ಟು ಉಪವಾಸ ಮಾಡಿ ಹತ್ತು ಕೆಜಿ ಇಳಿಸಬೇಡಿ. ಹೊಟ್ಟೆಗೆ ತೀರಾ ಕಡಿಮೆ ತಿಂದು ಜಾಸ್ತಿ ಓಡಿದರೂ ಮಿದುಳು ಮುಟ್ಟನ್ನೇ ನಿಲ್ಲಿಸಿಬಿಡುತ್ತದೆ. ಅಂಥ ತೆಳ್ಳಗಿನ ಹುಡುಗಿಯರಿಗೂ ‘ಹಾರ್ಮೋನ್ ಏರುಪೇರು’ ಅನ್ನುತ್ತಾರೆ, ಆದರೆ ಅವರಿಗೆ ಬೇಕಾಗಿರುವುದು ಹೆಚ್ಚು ಊಟ ಮತ್ತು ವಿಶ್ರಾಂತಿ. ಇಲ್ಲದಿದ್ದರೆ ಮೂಳೆ ಸವೆಯುತ್ತದೆ.

ಮೆಟ್‌ಫಾರ್ಮಿನ್ ಬರೆದುಕೊಟ್ಟರೆ ‘ನನಗೆ ಶುಗರ್ ಇಲ್ಲವಲ್ಲ’ ಅಂತ ಗಾಬರಿಯಾಗಬೇಡಿ. ಇನ್ಸುಲಿನ್ ಕೆಲಸ ಸುಧಾರಿಸಲು ಕೊಡುವುದು. ಮೊದಲ ವಾರಗಳಲ್ಲಿ ಹೊಟ್ಟೆ ಕೆಡಬಹುದು. ಊಟದ ಜೊತೆ, ಕಡಿಮೆ ಡೋಸಿನಿಂದ ಶುರು ಮಾಡಿದರೆ ಒಗ್ಗುತ್ತದೆ. ಗದ್ದದ ಕೂದಲಿಗೆ ಯಾವ ಔಷಧಿ ಕೊಟ್ಟರೂ ಆರು ತಿಂಗಳಾದರೂ ಕಾಯಬೇಕು, ಕೂದಲು ಬೆಳೆಯುವ ಚಕ್ರವೇ ಅಷ್ಟು ನಿಧಾನ. ಅಲ್ಲಿಯ ತನಕ ಥ್ರೆಡಿಂಗ್, ಶೇವಿಂಗ್, ಲೇಸರ್ ಯಾವುದು ಅನುಕೂಲವೋ ಅದು ಮಾಡಿಕೊಳ್ಳಿ. ಶೇವ್ ಮಾಡಿದರೆ ಕೂದಲು ದಪ್ಪವಾಗಿ ಬರುತ್ತದೆ ಅನ್ನುವುದು ಸುಳ್ಳು. ಸ್ಪೈರೊನೊಲ್ಯಾಕ್ಟೋನ್ ಅನ್ನುವ ಮಾತ್ರೆ ಕೊಟ್ಟರೆ ಅದರ ಜೊತೆ ಗರ್ಭನಿರೋಧಕ ಕಡ್ಡಾಯ, ಹೊಟ್ಟೆಯಲ್ಲಿರುವ ಗಂಡು ಮಗುವಿನ ಬೆಳವಣಿಗೆಗೆ ಅದು ತೊಂದರೆ ಕೊಡಬಹುದು. ಥೈರಾಯ್ಡ್ ಮಾತ್ರೆ ಬೇಕಾದರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ನೀರಿನಲ್ಲಿ ನುಂಗಿ, ಅರ್ಧ ಮುಕ್ಕಾಲು ಗಂಟೆ ಏನೂ ಬೇಡ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು ನಾಲ್ಕು ಗಂಟೆ ಆಚೆ. ಡೋಸ್ ಸರಿ ಇದೆಯಾ ಅಂತ ಆರರಿಂದ ಎಂಟು ವಾರದ ನಂತರ ನೋಡಬೇಕು, ಅದಕ್ಕೂ ಮುಂಚೆ ನೋಡಿದರೆ ಸರಿಯಾಗಿ ಗೊತ್ತಾಗುವುದಿಲ್ಲ.

ಇದನ್ನು ಓದುವ ಬೇರೆಯವರಲ್ಲಿ ನಲವತ್ತೈದು ದಾಟಿದವರೂ ಇರುತ್ತೀರಿ. ನಿಮ್ಮ ಕಥೆ ಬೇರೆ. ಮುಟ್ಟು ಹಿಂದೆ ಮುಂದೆ ಆಗಿ, ಇದ್ದಕ್ಕಿದ್ದ ಹಾಗೆ ಎದೆಯಿಂದ ಮುಖಕ್ಕೆ ಬಿಸಿ ಏರಿ, ರಾತ್ರಿ ಬೆವತು ಎಚ್ಚರವಾಗುತ್ತಿದ್ದರೆ ಅದು ಮುಟ್ಟು ನಿಲ್ಲುವ ಮುಂಚಿನ ಹಂತ. ಇದಕ್ಕೆ ಎಫ್‌ಎಸ್‌ಎಚ್ (ಅಂಡಾಶಯಕ್ಕೆ ಪಿಟ್ಯುಟರಿ ಕೊಡುವ ಆಜ್ಞೆ) ಪರೀಕ್ಷೆ ಬೇಕಾಗಿಲ್ಲ. ಆ ವಯಸ್ಸಿನಲ್ಲಿ ಅದು ವಾರದಿಂದ ವಾರಕ್ಕೆ ಕುಣಿಯುತ್ತದೆ. ಹನ್ನೆರಡು ತಿಂಗಳು ಪೂರ್ತಿ ಮುಟ್ಟಾಗದಿದ್ದರೆ ನಿಂತಿತು ಅಂತ ಲೆಕ್ಕ. ಸಹಿಸಿಕೊಳ್ಳಬೇಕು ಅಂತ ಯಾರೂ ಹೇಳಿಕೊಡದಿರಲಿ. ಅರವತ್ತರ ಒಳಗಿನವರಿಗೆ ಅಥವಾ ಮುಟ್ಟು ನಿಂತು ಹತ್ತು ವರ್ಷ ಆಗದವರಿಗೆ, ಸ್ತನ ಕ್ಯಾನ್ಸರ್ ಅಥವಾ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇಲ್ಲದಿದ್ದರೆ, ಹಾರ್ಮೋನ್ ಚಿಕಿತ್ಸೆ ಒಳ್ಳೆಯ ಪರಿಹಾರ. ಗರ್ಭಕೋಶ ಇರುವವರಿಗೆ ಈಸ್ಟ್ರೊಜೆನ್ ಒಂದೇ ಕೊಡಬಾರದು, ಜೊತೆಗೆ ಪ್ರೊಜೆಸ್ಟರಾನ್ ಇರಲೇಬೇಕು. ಕಾರಣ ಮೇಲೆ ಹೇಳಿದ ಆ ಪದರವೇ. ನಲವತ್ತರ ಒಳಗೇ ಮುಟ್ಟು ನಿಂತರೆ ಮಾತ್ರ ವಯಸ್ಸಿನ ಆಟ ಅನ್ನಬೇಡಿ, ಕೆಲವರಿಗೆ ಅಂಡಾಶಯ ಬೇಗ ಸೋಲುತ್ತದೆ, ಅದಕ್ಕೆ ಪರೀಕ್ಷೆಯೂ ಬೇಕು, ಚಿಕಿತ್ಸೆಯೂ ಬೇಕು.

ಕೆಲವಕ್ಕೆ ಕಾಯಲೇಬಾರದು. ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ಬ್ಲೀಡಿಂಗ್. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಸರಿ. ಹಾಲುಣಿಸದೆ ಇರುವಾಗ ಎದೆಯಿಂದ ಹಾಲಿನಂಥ ದ್ರವ ಬಂದು, ತಲೆನೋವಿನ ಜೊತೆ ಕಣ್ಣಿನ ಪಕ್ಕದ ನೋಟ ಮಬ್ಬಾಗುವುದು. ಕೆಲವೇ ತಿಂಗಳಲ್ಲಿ ದನಿ ಗಡಸಾಗಿ ಮೈತುಂಬ ಕೂದಲು ಬರುವುದು, ಇದು ಪಿಸಿಓಎಸ್ ಥರ ನಿಧಾನವಾಗಿ ಬರುವುದಲ್ಲ, ಗಡ್ಡೆ ಇದೆಯಾ ಅಂತ ನೋಡಲೇಬೇಕು. ನಿಮ್ಮ ಪತ್ರದಲ್ಲಿ ಇವು ಯಾವುವೂ ಕಾಣಲಿಲ್ಲ.

ಜೀವನಪೂರ್ತಿ ಮಾತ್ರೆ ನುಂಗಬೇಕಾ ಅಂತ ಕೇಳಿದಿರಿ. ಥೈರಾಯ್ಡ್ ನಿಜಕ್ಕೂ ಸೋತಿದ್ದರೆ, ಹೌದು, ಹೆಚ್ಚಿನವರಿಗೆ ಅದು ದಿನಕ್ಕೊಂದು ಸಣ್ಣ ಮಾತ್ರೆ, ವರ್ಷಗಟ್ಟಲೆ. ಪಿಸಿಓಎಸ್‌ಗೆ ಹಾಗಲ್ಲ. ಆ ಸ್ವಭಾವ ದೇಹದಲ್ಲಿ ಉಳಿಯುತ್ತದೆ, ಆದರೆ ಮಾತ್ರೆ ನಿಮ್ಮ ಆಯಾ ಕಾಲದ ಅಗತ್ಯಕ್ಕೆ ತಕ್ಕಂತೆ ಬದಲಾಗುತ್ತದೆ. ಇವತ್ತು ಪದರ ಕಾಪಾಡಲು ಒಂದು, ಮಗು ಬೇಕಾದಾಗ ಇನ್ನೊಂದು, ನಡುವೆ ಮುಟ್ಟು ತಾನೇ ಸರಿಯಾಗಿ ಬರುತ್ತಿದ್ದರೆ ಯಾವುದೂ ಇಲ್ಲ. ಬಿಡಬಾರದ್ದು ಬಿಪಿ ಮತ್ತು ಶುಗರ್ ನೋಡಿಸುವುದನ್ನು. ವರ್ಷಕ್ಕೊಮ್ಮೆ ಬಿಪಿ, ಒಂದರಿಂದ ಮೂರು ವರ್ಷಕ್ಕೊಮ್ಮೆ ಶುಗರ್.

ವೈದ್ಯರ ಹತ್ತಿರ ಹೋದಾಗ ‘ತೂಕ ಇಳಿಸಿ ಬನ್ನಿ’ ಅಂತ ಮಾತ್ರ ಹೇಳಿ ಕಳಿಸಿದರೆ ಎದ್ದು ಬರಬೇಡಿ. ಕೂತಲ್ಲೇ ಈ ಮೂರು ಕೇಳಿ. ನನಗೆ ಏರುಪೇರಾಗಿರುವುದು ಯಾವ ಹಾರ್ಮೋನು? ಮುಟ್ಟು 90 ದಿನ ದಾಟಿದರೆ ಏನು ಮಾಡಲಿ? ಟಿಎಸ್‌ಎಚ್ ಮತ್ತೆ ಯಾವ ತಾರೀಖಿಗೆ ಮಾಡಿಸಲಿ? ಉತ್ತರವನ್ನು ಮುಟ್ಟಿನ ತಾರೀಖು ಬರೆದ ಅದೇ ಕಾಗದದ ಹಿಂದೆ ಬರೆದುಕೊಂಡು ಬನ್ನಿ.